ಸೌಟಿನ ನಿಕಾನೋರ್ ಮತ್ತು ಶ್ರೀಮಂತ ಪಟ್ಟೆ

ನಿಕಾನೋರ್ ಬುಯ್ತಿಮೆಯಾನಿಗೆ ಆರು ದಿನ ನೀರು ಕಟ್ಟಿದ ಕೂಲಿ ಬರಬೇಕು. ಆರು ವರ್ಷದಿಂದ ಬರಬೇಕು. ಅದನ್ನು ಹಿಡಿದಿಟ್ಟವನು ಯಾವ ಧಣಿಯೂ ಅಲ್ಲ, ಯಾವ ಸರ್ಕಾರವೂ ಅಲ್ಲ. ನಾವೇ. ತ್ರೆಸ್ ಆಲಾಮೊಸ್ ಊರಿನ ಹನ್ನೊಂದು ಜನರ ಗೋಧಿ ಸಂಘ. ಕೂಲಿ ಕೊಡಬಾರದು ಎಂಬ ಠರಾವು ಬಂದ ದಿನ ಹನ್ನೊಂದು ಕೈಗಳು ಎದ್ದವು. ಅದರಲ್ಲಿ ಒಂದು ನನ್ನದು. ಹನ್ನೊಂದನೆಯದು ನಿಕಾನೋರನದೇ. ಎಲ್ಲರಿಗಿಂತ ಎತ್ತರಕ್ಕೆ ಅವನೇ ಎತ್ತಿದ್ದ.

ಕೂಲಿಯ ಕಥೆ ಅರ್ಥವಾಗಬೇಕಾದರೆ ಮೊದಲು ಸೌಟಿನ ಕಥೆ ಗೊತ್ತಿರಬೇಕು.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ನಾವು ಮೆಕ್ಸಿಕೊದ ಈ ಯಾಕಿ ಕಣಿವೆಯ ಧಣಿಗಳ ಹೊಲಕ್ಕೆ ನುಗ್ಗಿ ಡೇರೆ ಹಾಕಿ ಕೂತಾಗ ನಿಕಾನೋರನಿಗೆ ಇಪ್ಪತ್ತೆರಡು ವರ್ಷ. ಅವನಿಗೆ ಭಾಷಣ ಬರುತ್ತಿರಲಿಲ್ಲ. ಧಣಿಯ ಕಾವಲಿನವರು ಬಂದೂಕು ಹಿಡಿದು ಬದುವಿನ ಮೇಲೆ ಓಡಾಡಿದರೆ ಕಾಲು ನಡುಗುತ್ತಿತ್ತು. ಅದನ್ನು ಅವನೇ ಎಲ್ಲರೆದುರು ಹೇಳಿಕೊಳ್ಳುತ್ತಿದ್ದ. ಇಂಥವನಿಂದ ಏನು ಮಾಡಿಸುವುದು ಎಂದು ಯೋಚಿಸಿ ಕೈಗೆ ಸೌಟು ಕೊಟ್ಟರು. ನಾನೂರು ಜನ, ಎರಡು ಹಂಡೆ ಬೇಯಿಸಿದ ಕಾಳು, ಒಂದು ಸೌಟು. ಮೊದಲ ದಿನವೇ ಅವನು ಎಲ್ಲಿಂದಲೋ ಒಂದು ಅರ ತಂದು ಸೌಟಿನ ಒಳಗೋಡೆಗೆ ಗೀರು ಹಾಕಿದ. ಕಾಳು ಗೀರಿಗೆ ಬರಬೇಕು, ಗೀರು ದಾಟಬಾರದು. ಮಗುವಿಗೂ ಅಷ್ಟೇ, ಗಂಡಸಿಗೂ ಅಷ್ಟೇ.

ಒಂದು ದಿನ ನಮ್ಮ ನಾಯಕರ ಹೆಂಡತಿ ತಟ್ಟೆ ಹಿಡಿದು ಬಂದಳು. ನಾಯಕರು ಪಟ್ಟಣಕ್ಕೆ ಮಾತುಕತೆಗೆ ಹೋಗಬೇಕು, ಗಂಟಲಿಗೆ ಶಕ್ತಿ ಬೇಕು, ಇನ್ನರ್ಧ ಸೌಟು ಹಾಕು ಎಂದಳು. ಹಿಂದೆ ನಿಂತವರೂ ಹಾಕಪ್ಪ ಎಂದರು. ನಾಯಕನ ಹೊಟ್ಟೆ ತುಂಬಿದರೆ ಹೋರಾಟಕ್ಕೇ ಒಳ್ಳೆಯದಲ್ಲವೇ, ಅವರು ಗೆದ್ದು ಬಂದರೆ ಎಲ್ಲರಿಗೂ ಒಳ್ಳೆಯದಲ್ಲವೇ. ನಿಕಾನೋರ್ ಗೀರಿನವರೆಗೆ ತುಂಬಿ ತಟ್ಟೆಗೆ ಸುರಿದ.

"ಗಂಟಲು ಅವ್ರದು ತಾಯಿ, ಸೌಟು ಎಲ್ರದೂ" ಎಂದ. ಅವನು ಆ ಶಿಬಿರದಲ್ಲಿ ಮಾಡಿದ ಭಾಷಣ ಅದೊಂದೇ.

ಐದನೆಯ ವಾರ ಮೆಕ್ಸಿಕೊ ಸಿಟಿಯಿಂದ ಒಬ್ಬ ಡಾಕ್ಟರು ಬಂದ. ಶಿಬಿರದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆ ಎಂದು ಯಾರೋ ಪತ್ರಿಕೆಯಲ್ಲಿ ಬರೆದಿದ್ದರು. ಅದು ನಿಜವೇ ಎಂದು ನೋಡಿ ವರದಿ ಕೊಡಬೇಕಿತ್ತಂತೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಣ್ಣರೆಪ್ಪೆ ಎತ್ತಿ ನೋಡಿದ, ತೋಳು ಚಿವುಟಿ ನೋಡಿದ, ಆಮೇಲೆ ನಮ್ಮನ್ನೂ ಒಂದು ಸುತ್ತು ಹಾಗೇ ನೋಡಿದ. ಎಲ್ಲರೂ ಒಂದೇ ಥರ ಇದ್ದಾರೆ, ಹಸಿವಿನ ಲಕ್ಷಣ ಕಾಣಲಿಲ್ಲ ಎಂದು ಬರೆದುಕೊಂಡು ಜೀಪು ಹತ್ತಿದ. ಬರಬೇಕಿದ್ದ ಹಾಲಿನ ಪುಡಿ ಬರಲಿಲ್ಲ. ಎಲ್ಲರೂ ಸಮನಾಗಿ ಬಡಕಲಾಗಿದ್ದೆವು. ಹೋಲಿಸಿ ನೋಡಲು ಒಬ್ಬ ದಡೂತಿಯೂ ಇರಲಿಲ್ಲ. ನಿಕಾನೋರನ ಸೌಟು ಎಷ್ಟು ನ್ಯಾಯವಾಗಿತ್ತೆಂದರೆ ಹಸಿವೂ ಕಣ್ಣಿಗೆ ಬೀಳಲಿಲ್ಲ ಎಂದು ಆಮೇಲೆ ಎಷ್ಟೋ ವರ್ಷ ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ.

ಕೊನೆಗೂ ಭೂಮಿ ಸಿಕ್ಕಿತು. ತಲೆಗೆ ಐದು ಹೆಕ್ಟೇರ್. ಸಿಕ್ಕ ಮೇಲೆ ಏನಾಯಿತು ಎಂಬುದನ್ನು ಹೇಳಿದರೆ ನನಗೇ ನಾಚಿಕೆ. ನೀರಿಗೆ ದುಡ್ಡು, ಬೀಜಕ್ಕೆ ದುಡ್ಡು, ಟ್ರ್ಯಾಕ್ಟರಿಗೆ ದುಡ್ಡು ಎಂದು ಒಬ್ಬೊಬ್ಬರೇ ಹೋಗಿ ಕಾಲುವೆಯಾಚೆಯ ಧಣಿಗೆ ಗುತ್ತಿಗೆ ಬರೆದುಕೊಟ್ಟರು. ಗುಂಡೇಟು ತಿಂದು ಗೆದ್ದ ಹೊಲದಲ್ಲೇ, ಕಳೆದುಕೊಂಡವನ ಮಗನ ಕೈಕೆಳಗೆ, ಕೂಲಿಗೆ ನಿಂತರು. ಬರೆದುಕೊಡದೆ ಉಳಿದವರು ನಾವು ಹನ್ನೊಂದು ಜನ. ಐವತ್ತೈದು ಹೆಕ್ಟೇರನ್ನು ಒಂದೇ ಹೊಲ ಮಾಡಿಕೊಂಡೆವು. ಒಂದೇ ಬಿತ್ತನೆ, ಒಂದೇ ಕೊಯ್ಲು, ಬಂದದ್ದು ಹನ್ನೊಂದು ಪಾಲು. ಯಾರ ಐದು ಹೆಕ್ಟೇರ್ ಎಲ್ಲಿ ಎಂಬುದಕ್ಕೆ ಈಗ ಬದುವಿಲ್ಲ. ಆದರೆ ಹನ್ನೊಂದು ಜನಕ್ಕೂ ಕಣ್ಣು ಮುಚ್ಚಿದರೂ ಗೊತ್ತು, ಅದು ಬೇರೆ ಮಾತು.

ನಿಕಾನೋರ್ ಸಂಘದ ನೀರಿನವನಾದ. ಸೌಟು ಹೋಗಿ ಸನಿಕೆ ಬಂತು. ತಲೆಗಾಲುವೆಯಿಂದ ಸಾಲಿನ ಬಾಯಿ ಬಿಡಿಸಿ ನೀರು ತಿರುಗಿಸುವಾಗ ಪ್ರತಿ ಸಾಲಿಗೂ ಬೆರಳು ಅದ್ದಿ ನೋಡುತ್ತಾನೆ. ಎರಡನೆಯ ಗಿಣ್ಣಿನವರೆಗೆ ನೀರು. ಒಂದು ಸಾಲಿಗೆ ಹೆಚ್ಚಾದರೆ ಮಣ್ಣು ಹಾಕುತ್ತಾನೆ, ಕಡಿಮೆಯಾದರೆ ಕೆರೆಯುತ್ತಾನೆ. ಸಂಘದ ಅಧ್ಯಕ್ಷ ಹೆರಿಬೆರ್ತೊ ರುಯೆಲಾಸನ ತಮ್ಮ, ಅವನೂ ಹನ್ನೊಂದರಲ್ಲೊಬ್ಬ, ಒಮ್ಮೆ ಕೂಲಿಗೆ ನೀರು ಕಟ್ಟುವಾಗ ಸಂಘದ ನೀರನ್ನು ತನ್ನ ಹಿತ್ತಲ ಕಲ್ಲಂಗಡಿಗೆ ತಿರುಗಿಸಿಕೊಂಡಿದ್ದ. ಆಗ ಸಭೆಯಲ್ಲಿ ಎದ್ದು, ಸಭೆಯ ಮಾತು ಮೀರಿ ನೀರು ತಿರುಗಿಸಿದವನಿಗೆ ಆ ನೀರಿನ ಕೂಲಿ ಒಂದು ದಿನದ್ದೂ ಇಲ್ಲ ಎಂದು ನಿಯಮ ಬರೆಸಿದವನು ನಿಕಾನೋರನೇ. ಸಂಘದ ಪುಸ್ತಕದಲ್ಲಿ ಏಳನೆಯ ನಿಯಮ. ಹೆರಿಬೆರ್ತೊ ಆವತ್ತು ತಮ್ಮನ ಕೂಲಿ ಹಿಡಿದ. ನಿಕಾನೋರನ ಮೇಲೆ ಮುನಿಸಿಕೊಳ್ಳಲಿಲ್ಲ, ಮುನಿಸಿಕೊಳ್ಳುವ ಹಾಗೂ ಇರಲಿಲ್ಲ. ಅವನ ಹಿರಿಮಗನಿಗೆ ಇಗರ್ಜಿಯಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡು ನಿಂತವನು ನಿಕಾನೋರ್. ಹಾಗೆ ನಿಂತವನೂ ಮಗುವಿನ ಅಪ್ಪನೂ ನಮ್ಮಲ್ಲಿ ಸಾಯುವವರೆಗೂ ಒಬ್ಬರಿಗೊಬ್ಬರು ಕಂಪಾದ್ರೆ.

ಈಗ ಕೂಲಿಯ ಕಥೆಗೆ ಬರೋಣ.

ಅದಕ್ಕೆ ಹಿಂದಿನ ಎರಡು ವರ್ಷ ನಮ್ಮ ಗೋಧಿ ಕೆಟ್ಟಿತ್ತು. ಮೊದಲ ವರ್ಷ ಯೂರಿಯಾ ಹೆಚ್ಚು ಸುರಿದೆವು, ಕೊಬ್ಬಿದ ಬೆಳೆ ಗಾಳಿಗೆ ಮಲಗಿತು. ಮರುವರ್ಷ ಹೆದರಿ ಕೈ ಬಿಗಿ ಹಿಡಿದೆವು, ಕಾಳಿಗೆ ಬಿಳಿ ಹೊಟ್ಟೆ ಬಂತು. ನಮ್ಮದು ಪಾಸ್ತಾ ಮಾಡುವ ಗಟ್ಟಿ ಗೋಧಿ. ಕತ್ತರಿಸಿದರೆ ಒಳಗೆ ಗಾಜಿನ ಹಾಗೆ ಹೊಳೆಯಬೇಕು. ಹೊಟ್ಟೆಗೆ ಸಾಲದೆ ಬೆಳೆದ ಕಾಳು ಒಳಗೆ ಸುಣ್ಣ ಬಳಿದಂತಿರುತ್ತದೆ. ಗಿರಣಿಯವನು ಒಂದು ಹಿಡಿ ಕತ್ತರಿಸಿ ನೋಡಿ, ಕೋಳಿಗೆ ಹಾಕಿ ಎಂದು ಲಾರಿ ತಿರುಗಿಸಿದ. ಆ ಬೇಸಿಗೆ ಸಂಘ ಕೂತು ಮಾತಾಡಿತು. ಇನ್ನೊಂದು ವರ್ಷ ಹೀಗಾದರೆ ನಾವೂ ಗುತ್ತಿಗೆಗೆ ಬರೆದುಕೊಡುವುದು ಎಂದು ತೀರ್ಮಾನವಾಯಿತು. ಧಣಿಯ ಗುಮಾಸ್ತ ಕಾಗದವನ್ನೂ ತಂದುಕೊಟ್ಟ. ಹನ್ನೊಂದು ರುಜುವಿಗೆ ಹನ್ನೊಂದು ಗೆರೆ. ಹೆರಿಬೆರ್ತೊ ಅದನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದ. ಅಂದರೆ ಆ ವರ್ಷದ ಕಾಳಿನ ಹೊಟ್ಟೆಯ ಬಣ್ಣದ ಮೇಲೆ ನಲವತ್ತು ವರ್ಷದ ಹೋರಾಟ ನಿಂತಿತ್ತು.

ಇಂಥ ಹೊತ್ತಿನಲ್ಲಿ ಬಂದವಳು ಇಂಜಿನಿಯರ್ ಯೆಸೆನಿಯಾ ಗಸ್ತೆಲುಮ್. ನಮ್ಮಲ್ಲಿ ಬೆಳೆ ಓದಿದವರೂ ಇಂಜಿನಿಯರುಗಳೇ. ಇಪ್ಪತ್ತೆಂಟರ ಹುಡುಗಿ, ಪಟ್ಟಣದ ಒಂದು ಸಂಸ್ಥೆಯ ಕೆಲಸ, ಸಿಟ್ರಸ್ ತೋಟದ ಕೂಲಿಯವಳ ಮಗಳು. ಒಂದು ಕ್ಯಾಮೆರಾ, ಒಂದು ಉದ್ದ ಕೋಲು, ಒಂದು ಬೂದು ಹಲಗೆ, ಒಂದು ಛತ್ರಿ, ಇಷ್ಟೇ ಅವಳ ಸಾಮಾನು. ಎಲೆಯ ಹಸಿರನ್ನು ಕ್ಯಾಮೆರಾ ಅಂಕಿ ಮಾಡಿ ಹೇಳುತ್ತದೆ, ಗೋಧಿಗೆ ಎಷ್ಟು ಯೂರಿಯಾ ಬೇಕೋ ಅಷ್ಟೇ ಕೊಟ್ಟರಾಯಿತು, ಮಲಗುವುದೂ ಇಲ್ಲ, ಬಿಳಿ ಹೊಟ್ಟೆಯೂ ಇಲ್ಲ ಎಂದು ಸಭೆಯಲ್ಲಿ ಹೇಳಿದಳು. ಅದಕ್ಕೆ ಒಂದೇ ಷರತ್ತು. ರಸ್ತೆ ಬದಿಯ ಹನ್ನೆರಡು ಸಾಲಿಗೆ ಬಿತ್ತಿದ ಮೇಲಿನ ಮೊದಲ ನೀರಿನಲ್ಲೇ ನಾಲ್ಕು ಮೂಟೆ ಯೂರಿಯಾ ಕರಗಿಸಿ ಬಿಡಬೇಕು. ಉಳಿದ ಹೊಲಕ್ಕೆ ಆಗ ಏನೂ ಬೇಡ. ಆ ಹನ್ನೆರಡು ಸಾಲಿಗೆ ಅವರ ಪುಸ್ತಕದಲ್ಲಿ ಶ್ರೀಮಂತ ಪಟ್ಟೆ ಎಂದು ಹೆಸರು.

ರಸ್ತೆ ಬದಿ ಅಂದರೆ ಹೆರಿಬೆರ್ತೊನ ಹಳೆಯ ಐದು ಹೆಕ್ಟೇರ್. ಬೇರೆ ಊರಿನವರು ಬಂದರೆ ಗಾಡಿಯಿಂದ ಇಳಿಯದೆ ನೋಡಬಹುದು ಎಂದು ಅವಳು ಆ ಜಾಗ ಆರಿಸಿದ್ದಳು. ಹತ್ತು ತಲೆಗಳೂ ಮೆಲ್ಲಗೆ ಹೆರಿಬೆರ್ತೊನ ಕಡೆ ತಿರುಗಿ ಮತ್ತೆ ಈ ಕಡೆ ತಿರುಗಿದವು. ಕೇಳಿದವನು ನಿಕಾನೋರ್ ಒಬ್ಬನೇ. ಹೊಲ ಒಂದೇ ಆದ ಮೇಲೆ ಒಂದು ಪಟ್ಟೆಗೆ ಯಾಕೆ ಹೆಚ್ಚು ಎಂದ.

"ಬೆಳೆ ಒಟ್ಟಿಗೇ ಬರುತ್ತೆ ಕಂಪಾದ್ರೆ" ಎಂದ ಹೆರಿಬೆರ್ತೊ. "ಆ ಪಟ್ಟೆ ತುಂಬಿದ್ರೆ ಎಲ್ರಿಗೂ ಒಳ್ಳೇದೇ ಅಲ್ವಾ."

ಯೆಸೆನಿಯಾ ಏನೋ ವಿವರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಫಿ ಬಂತು, ಎಲ್ಲರೂ ಎದ್ದರು. ನಮ್ಮೂರಿನ ಸಭೆಗಳಲ್ಲಿ ವಿವರಣೆಗಿಂತ ಕಾಫಿ ಯಾವಾಗಲೂ ಒಂದು ಹೆಜ್ಜೆ ಮುಂದೆ.

ಹೆರಿಬೆರ್ತೊ ಪಾಪ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತನ್ನು ನಿಕಾನೋರ್ ನಲವತ್ತು ವರ್ಷದ ಹಿಂದೆ ಹಂಡೆಯ ಪಕ್ಕ ನಿಂತು ಕೇಳಿದ್ದ.

ಡಿಸೆಂಬರಿನಲ್ಲಿ ಆರು ದಿನ ನೀರು ಹಾಯಿತು. ನೀರಿನವನ ಕೆಲಸ ಒಂಟಿ ಕೆಲಸ. ತಲೆಗಾಲುವೆಯ ತೂಬಿನ ಹಿಂದೆ ನಾಲ್ಕು ಮೂಟೆ ಯೂರಿಯಾ ಒಟ್ಟಿತ್ತು. ನಿಕಾನೋರ್ ಮೊದಲ ಮೂಟೆ ಬಿಚ್ಚಿದ, ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದು ಅದರಲ್ಲಿ ತುಂಬಿದ, ಅಂಗೈಯಿಂದ ಮೇಲ್ಮೈ ಸವರಿ ಸಮ ಮಾಡಿದ, ಕಾಲುವೆಗೆ ಸುರಿದ. ಆ ನೀರನ್ನು ಯಾವ ಸಾಲು ಕುಡಿಯಬೇಕಿತ್ತೋ ಅದು ಕುಡಿಯಿತು. ಮುಂದಿನ ಸಾಲುಗಳ ಬಾಯಿ ಬಿಡಿಸುವಾಗ ಮತ್ತೊಂದು ಟೋಪಿ. ಆರು ದಿನ ಹೀಗೇ ಐವತ್ತೈದು ಹೆಕ್ಟೇರಿಗೂ ಟೋಪಿ ಲೆಕ್ಕದಲ್ಲಿ ಬಡಿಸಿದ. ಶ್ರೀಮಂತ ಪಟ್ಟೆಗೂ ಅದರ ಪಾಲು ಕೊಟ್ಟ, ಬಿಡಲಿಲ್ಲ. ಕದ್ದದ್ದು ಒಂದು ಕಾಳೂ ಇಲ್ಲ. ಅರ್ಧ ಹೆಕ್ಟೇರಿನ ಗೊಬ್ಬರ ಐವತ್ತೈದಕ್ಕೆ ಹಂಚಿದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬುದು ಅವನಿಗೂ ಗೊತ್ತಿತ್ತು. ಅವನ ಪ್ರಕಾರ ಸಾಲುವುದು ಬೇರೆ, ಸಮ ಬೇರೆ. ಸಾಲದಿದ್ದರೆ ಎಲ್ಲರೂ ಸೇರಿ ಕೇಳಬಹುದು. ಸಮ ಇಲ್ಲದಿದ್ದರೆ ಸೇರುವುದೇ ಇಲ್ಲ.

ಜನವರಿಯ ಕೊನೆಯ ಸೋಮವಾರ ಯೆಸೆನಿಯಾ ಫೋಟೊ ತೆಗೆಯಲು ಬಂದಳು. ಗೋಧಿ ಮೊಣಕಾಲಿಗೆ ಬಂದಿತ್ತು. ಗುರುವಾರ ಎರಡನೆಯ ನೀರು. ಯೂರಿಯಾ ಬೇಕಿದ್ದರೆ ಆ ನೀರಿನ ಜೊತೆ ಹೋಗಬೇಕು, ತಡವಾದರೆ ತೆನೆಗೆ ದಕ್ಕುವುದಿಲ್ಲ. ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಗೋಧಿಯ ನೆತ್ತಿಯ ಮೇಲಿಂದ ಕೆಳಮುಖವಾಗಿ ತೆಗೆಯುತ್ತಿದ್ದಳು. ಚಿತ್ರದ ಮೂಲೆಯಲ್ಲಿ, ಬೆಳಕು ಹೋಲಿಸಿ ನೋಡಲು, ಬೂದು ಹಲಗೆ. ಬಿಸಿಲು ಬಿದ್ದ ಎಲೆ ಬಿಳಿಚಿ ಕಾಣುತ್ತದೆ, ಮೋಡ ಬಂದರೆ ಕಪ್ಪಾಗುತ್ತದೆ, ಆದ್ದರಿಂದ ಎಲ್ಲ ಚಿತ್ರಕ್ಕೂ ಒಂದೇ ನೆರಳು ಬೇಕು ಎಂದು ನಿಕಾನೋರನ ಕೈಗೆ ಛತ್ರಿ ಕೊಟ್ಟಳು. ಎಲ್ಲರಿಗೂ ಒಂದೇ ನೆರಳು ಎಂದದ್ದು ಅವನಿಗೆ ಬಹಳ ಹಿಡಿಸಿತು. ಸೌಟು ಹಿಡಿದ ಗಾಂಭೀರ್ಯದಲ್ಲೇ ಛತ್ರಿ ಹಿಡಿದ.

ಶ್ರೀಮಂತ ಪಟ್ಟೆಯ ಹಸಿರು ಅರವತ್ತೊಂದು. ಉಳಿದ ಹೊಲದ್ದೂ ಅರವತ್ತೊಂದು. ಯೆಸೆನಿಯಾ ಮತ್ತೆ ತೆಗೆದಳು, ಮತ್ತೆ ಅಷ್ಟೇ. ಅವಳ ಮುಖ ಅರಳಿತು. ಹಳೆಯ ಗೊಬ್ಬರ ನೆಲದಲ್ಲೇ ಉಳಿದಿರಬೇಕು, ಈ ಸಲ ನಿಮಗೆ ಒಂದು ಚೀಲವೂ ಬೇಡ ಎಂದಳು. ಸಂತೋಷಪಡಬೇಕಾದ ನಿಕಾನೋರ್ ಹುಬ್ಬು ಗಂಟಿಕ್ಕಿದ.

"ಎಲ್ಲಾ ಒಂದೇ ಥರ ಇರೋದಾದ್ರೆ ಆ ಪಟ್ಟೆ ಯಾಕೆ ಬೇಕಿತ್ತು ಮಗಳೇ?"

"ಅದು ಶ್ರೀಮಂತಿಕೆಗಲ್ಲ ದೋನ್ ನಿಕಾ, ಅಳತೆಗೆ" ಎಂದಳು ಅವಳು, ಕ್ಯಾಮೆರಾದಿಂದ ಕಣ್ಣೆತ್ತದೆ. "ಒಬ್ಬನಿಗೆ ಸಾಕು ಸಾಕು ಅನ್ನೋವರ್ಗೂ ಬಡಿಸ್ಬೇಕು. ಹೊಟ್ಟೆ ತುಂಬಿದ ಮುಖ ಹೆಂಗಿರುತ್ತೆ ಅಂತ ಗೊತ್ತಾದ್ರೆ ತಾನೆ ಮಿಕ್ಕೋರ ಹಸಿವು ಗೊತ್ತಾಗೋದು. ಎಲ್ರೂ ಒಂದೇ ಥರ ಕಂಡ್ರೆ ಯಾರಿಗೂ ಹಸಿವಿಲ್ಲ ಅಂತ ಲೆಕ್ಕ."

ಛತ್ರಿ ಅಲುಗಿತು. ಆ ಚಿತ್ರ ಕೆಟ್ಟಿತು. ಕೈ ಗಟ್ಟಿ ಹಿಡೀರಿ ಎಂದಳು. ಅವನು ಛತ್ರಿ ನೆಟ್ಟಗೆ ಹಿಡಿದು, ಹಿಂದೆ ಒಬ್ಬ ಡಾಕ್ಟ್ರೂ ಹಿಂಗೇ ಅಂದಿದ್ದ ಎಂದ. ಯಾವ ಡಾಕ್ಟರು ಎಂದು ಅವಳು ಕೇಳಲಿಲ್ಲ. ಪಾಪ, ಅವಳು ಆಗ ಹುಟ್ಟೇ ಇರಲಿಲ್ಲ.

ಮುಂದಿನದು ಅವನ ಹೆಂಡತಿ ದೋನ್ಯಾ ಚಾಯೋ ನನಗೆ ಹೇಳಿದ್ದು. ಅವಳು ನಮ್ಮ ಕಡೆಯ ದೊಡ್ಡ ರೊಟ್ಟಿಗೆ ಹಿಟ್ಟನ್ನು ತೋಳಿನ ಮೇಲೆ ಹರವಿ ಅಗಲಿಸುತ್ತಿದ್ದಳಂತೆ. ಇವನು ಬಂದು ಒಲೆಯ ಪಕ್ಕ ಕೂತು, ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ನಡೆದದ್ದನ್ನೆಲ್ಲ ಹೇಳಿದ. ಅವಳು ರೊಟ್ಟಿ ಬೇಯಿಸಿ ಇಳಿಸಿದಳು.

"ಹೇಳಿದ್ರೆ ಕೂಲಿ ಹೋಗುತ್ತೆ" ಎಂದಳು ಆಮೇಲೆ. "ಸನಿಕೆನೂ ಕಿತ್ಕೋಬೋದು."

"ಹೇಳ್ದಿದ್ರೆ ಹೊಲ ಹೋಗುತ್ತೆ."

"ಮತ್ತೆ ಇಲ್ಲಿ ಯಾಕೆ ಕೂತಿದೀಯ? ರೊಟ್ಟಿ ತಿಂದ್ಕೊಂಡು ಹೋಗು. ಹಸಿದೋನ ಮಾತು ಯಾರೂ ನಂಬಲ್ಲ, ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು."

ಮಂಗಳವಾರ ಸಂಜೆ ಸಭೆ. ಹೆರಿಬೆರ್ತೊ ಎದ್ದು ಈ ವರ್ಷ ಯೂರಿಯಾ ತರಿಸುವುದಿಲ್ಲ ಎಂದು ಸಾರಿದ. ನಾವು ಚಪ್ಪಾಳೆ ತಟ್ಟಿದೆವು. ಉಳಿದ ದುಡ್ಡಿನಲ್ಲಿ ಟ್ರ್ಯಾಕ್ಟರಿನ ಕ್ಲಚ್ ಮಾಡಿಸೋಣ ಎಂದು ನಾನೇ ಸೂಚಿಸಿದೆ. ಯೆಸೆನಿಯಾ ಮೂಲೆಯಲ್ಲಿ ಕೂತು ನಾಚಿ ನಗುತ್ತಿದ್ದಳು. ನಿಕಾನೋರ್ ಟೋಪಿ ತೆಗೆದು ಎದ್ದು ನಿಂತ.

"ಆ ಪಟ್ಟೆ ಇಲ್ಲ" ಎಂದ. "ಹಂಚಿಬಿಟ್ಟೆ."

"ಏನು ಹಂಚ್ದೆ?"

"ನಾಲ್ಕು ಮೂಟೆ. ಇದರಲ್ಲಿ." ಟೋಪಿ ಎತ್ತಿ ತೋರಿಸಿದ. "ಹೊಲಕ್ಕೆಲ್ಲ. ಸಮ."

ಯಾರೋ ಕಿಸಕ್ಕೆಂದರು. ಸತ್ಯ ಹೇಳಿದರೆ ಜನ ಬೆಚ್ಚಿ ಬೀಳುತ್ತಾರೆ ಎಂದುಕೊಂಡಿದ್ದರೆ ನಮ್ಮ ಸಭೆಯನ್ನು ನೋಡಬೇಕಿತ್ತು. ನಾವು ನಂಬಲೇ ಇಲ್ಲ. ಒಂದು ಚೀಲವೂ ಬೇಡ ಎಂಬ ಮಾತು ಕಿವಿಗೆ ಅಷ್ಟು ಸಿಹಿಯಾಗಿತ್ತು. ನಿನಗೆ ಫೋಟೊ ಹಿಡಿಸಲಿಲ್ಲ ಕಂಪಾದ್ರೆ, ಅದಕ್ಕೆ ಕಥೆ ಕಟ್ಟುತ್ತಿದ್ದೀಯ ಎಂದ ಹೆರಿಬೆರ್ತೊ. ವಯಸ್ಸಾಯಿತು ಎಂದರು ಇಬ್ಬರು. ಸೌಟಿನವನಿಗೆ ಬಡಿಸುವ ಚಪಲ ಹೋಗಿಲ್ಲ ಎಂದ ಒಬ್ಬ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂದವನು ನಾನು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

"ಕ್ಯಾಮೆರಾ ಸುಳ್ಳು ಹೇಳ್ಲಿಲ್ಲ ಕಣೋ" ಎಂದ ನಿಕಾನೋರ್ ನನ್ನ ಕಡೆ ತಿರುಗಿ. "ಎಲ್ಲಾ ಸಮ ಇದೆ ಅಂತು. ಸಮ ಇದೆ. ಎಲ್ಲಾ ಸಮನಾಗಿ ಹಸಿದಿದೆ. ಆ ಡಾಕ್ಟ್ರನ್ನ ಮರೆತ್ರಾ?"

ಶಿಬಿರದಲ್ಲಿ ತೋಳು ಚಿವುಟಿಸಿಕೊಂಡವರು ಅಲ್ಲಿ ಏಳು ಜನ ಇದ್ದೆವು. ಅಷ್ಟು ವರ್ಷ ನಕ್ಕ ನಗೆ 'ಇವತ್ತು ಯಾರನ್ನು ನೋಡಿ ನಗುತ್ತೀರಿ' ಎಂದು ಕೇಳಿದಂತಾಯಿತು.

ಯೆಸೆನಿಯಾ ಬಿಳಿಚಿಕೊಂಡಿದ್ದಳು. ಅವಳ ವರದಿ ಬೆಳಿಗ್ಗೆಯೇ ಸಂಸ್ಥೆಗೆ ಹೋಗಿಯಾಗಿತ್ತು. ಆದರೂ ಎದ್ದು ಬಂದು ಮುದುಕನ ಎದುರು ನಿಂತಳು. ನಿಮ್ಮನ್ನು ನಂಬಿದರೂ ಎಷ್ಟು ಹಸಿದಿದೆ ಎಂದು ಅಳೆಯಲು ನನ್ನ ಹತ್ತಿರ ಈಗ ಅಳತೆಗೋಲಿಲ್ಲ, ಹೊಲದಲ್ಲಿ ಎಲ್ಲಾದರೂ ಒಂದು ಕಡೆ ಯೂರಿಯಾ ಹೆಚ್ಚಾಗಿ ಬಿದ್ದಿದೆಯೇ ನೆನಪು ಮಾಡಿಕೊಳ್ಳಿ ಎಂದಳು. ಅವನು ಇಲ್ಲ ಎಂದ. ಅಂಗೈಯಲ್ಲಿ ಸವರಿ ಸವರಿ ಹಾಕಿದವನು ಎಲ್ಲಿ ಚೆಲ್ಲುತ್ತಾನೆ. ಆಮೇಲೆ ತಲೆ ಕೆರೆದುಕೊಂಡು, ತೂಬಿನ ಹಿಂದೆ ಮೂಟೆ ಒಟ್ಟಿದ್ದಲ್ಲಿ ಅಡಿಯ ಮೂಟೆಯನ್ನು ಇಲಿ ಕಡಿದಿತ್ತು, ಅಲ್ಲಿ ಒಂದಿಷ್ಟು ಸೋರಿತ್ತು, ಬಾಚಿಕೊಳ್ಳಲು ಆಗಿರಲಿಲ್ಲ ಎಂದ. ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು. ನಾಲ್ಕು ಮೂಟೆ ಹಂಚಿದ್ದಕ್ಕಲ್ಲ, ಆ ಸೋರಿದ್ದು ಸಮನಾಗಿ ಹಂಚಿ ಹೋಗಲಿಲ್ಲವಲ್ಲ ಎಂದು.

ಮರುದಿನ ಹನ್ನೊಂದು ಗಂಟೆಗೆ ಹನ್ನೊಂದು ಜನ, ಒಂದು ಛತ್ರಿ, ತೂಬಿನ ಹಿಂದೆ. ಒಂದು ಮಂಚದಗಲ ಗೋಧಿ ಕಪ್ಪಿಗೆ ತಿರುಗುವಷ್ಟು ಹಸಿರಾಗಿ ನಿಂತಿತ್ತು. ನಾವು ದಿನಾ ಅದರ ಪಕ್ಕ ಓಡಾಡಿದ್ದೆವು. ಕತ್ತೆ ಉಚ್ಚೆ ಹೊಯ್ದ ಜಾಗ ಎಂದುಕೊಂಡಿದ್ದೆವು. ಯೆಸೆನಿಯಾ ಕೋಲು ಚಾಚಿದಳು, ನಿಕಾನೋರ್ ನೆರಳು ಹಿಡಿದ. ಎಪ್ಪತ್ತೆಂಟು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆದಳು. ಅರವತ್ತೊಂದು.

ಹೆರಿಬೆರ್ತೊ ಆ ಮಂಚದಗಲದ ಹಸಿರಿಗೆ ಒಂದು ಸುತ್ತು ಬಂದ.

"ಐವತ್ತೈದು ಹೆಕ್ಟೇರಲ್ಲಿ ಉಂಡಿದ್ದು ಇದೊಂದೇ ಅನ್ನು" ಎಂದ.

"ಇಲಿ ಬಡಿಸ್ತು ಕಂಪಾದ್ರೆ" ಎಂದ ನಿಕಾನೋರ್. "ನನ್ನ ಕೈಯಿಂದ ಆಗ್ಲಿಲ್ಲ."

ಆ ಎರಡು ಅಂಕಿಗಳನ್ನು ಇಟ್ಟುಕೊಂಡು ಯೆಸೆನಿಯಾ ಬೂದು ಹಲಗೆಯ ಬೆನ್ನ ಮೇಲೆ ಲೆಕ್ಕ ಹಾಕಿದಳು. ಸರಿಯಾದ ಪಟ್ಟೆ ಇದ್ದಿದ್ದರೆ ಇನ್ನೂ ನಿಖರವಾಗಿ ಹೇಳುತ್ತಿದ್ದೆ, ಒಂದು ಮಂಚದ ಮೇಲೆ ಒಂದು ಊರಿನ ಹಸಿವು ಅಳೆಯುವುದು ನನಗೂ ಇದೇ ಮೊದಲು ಎಂದಳು. ಮಧ್ಯಾಹ್ನವೇ ಲಾರಿ ಪಟ್ಟಣಕ್ಕೆ ಹೋಯಿತು. ಗುರುವಾರ ನೀರಿನ ಜೊತೆ ಯೂರಿಯಾ ಹೊಲ ಸೇರಿತು. ಅದನ್ನು ಹಾಯಿಸಿದವನೂ ನಿಕಾನೋರನೇ. ಸನಿಕೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅಷ್ಟು ಹದವಾಗಿ ನೀರು ಕಟ್ಟುವವನು ಇನ್ನೊಬ್ಬನಿಲ್ಲ. ಅವನು ತಪ್ಪು ಮಾಡಿದ್ದೂ ಹದವಾಗಿಯೇ.

ಮುಂದಿನ ಸಭೆಯಲ್ಲಿ ಹೆರಿಬೆರ್ತೊ ನಿಯಮದ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೈಯಿಂದ ಮುಚ್ಚಿಕೊಂಡು ಕೂತಿದ್ದ. ಆ ಮಾತು ಎತ್ತಲು ಯಾರಿಗೂ ಮನಸ್ಸಿರಲಿಲ್ಲ. ಹೊಲ ಉಳಿಸಿದವನಲ್ಲವೇ ಎಂದು ಎಲ್ಲರೂ ನೆಲ ನೋಡಿದೆವು. ನಿಕಾನೋರ್ ಎದ್ದು, ಪುಸ್ತಕ ಬೇಡ, ನನಗೆ ಬಾಯಿಗೇ ಬರುತ್ತದೆ ಎಂದು ಏಳನೆಯ ನಿಯಮವನ್ನು ಒಂದಕ್ಷರ ಬಿಡದೆ ಹೇಳಿ ಕೂತ. ಕಲ್ಲಂಗಡಿಯವನಿಗೆ ಒಂದು ನ್ಯಾಯ, ಸೌಟಿನವನಿಗೆ ಇನ್ನೊಂದು ನ್ಯಾಯ ಎಂದು ಹೇಳುವ ಧೈರ್ಯ ನಮಗಿರಲಿಲ್ಲ. ಕಲ್ಲಂಗಡಿಯವನು ಎದುರಿಗೇ ಕೂತಿದ್ದ. ಕೈ ಎತ್ತಿದೆವು. ಡಿಸೆಂಬರಿನ ಆರು ದಿನ ಹಾಗೆ ಹೋಯಿತು.

ಮೇ ತಿಂಗಳಲ್ಲಿ ಗಿರಣಿಯವನು ನಮ್ಮ ಕಾಳು ಕತ್ತರಿಸಿದ. ನೂರರಲ್ಲಿ ಆರಕ್ಕೆ ಬಿಳಿ ಹೊಟ್ಟೆ. ಹತ್ತರವರೆಗೆ ಮಾಫಿ. ಲಾರಿ ಒಳಗೆ ಹೋಯಿತು. ಗುತ್ತಿಗೆಯ ಕಾಗದವನ್ನು ಹೆರಿಬೆರ್ತೊ ಹರಿದು ಹಾಕಿದ ಎಂದು ಬರೆಯಲು ನನಗೂ ಆಸೆ. ಹರಿಯಲಿಲ್ಲ. ಈಗಲೂ ಡ್ರಾಯರಿನಲ್ಲಿದೆ, ಬೀಗದ ಕೈ ಅವನ ಸೊಂಟದಲ್ಲಿದೆ, ಹನ್ನೊಂದು ಗೆರೆಗಳೂ ಖಾಲಿ ಇವೆ.

ಸಂಸ್ಥೆಯವರು ಒಂದು ಬಣ್ಣದ ಹಾಳೆ ಅಚ್ಚು ಹಾಕಿಸಿದರು. ರೈತರು ಹೊಸ ವಿಧಾನವನ್ನು ಉತ್ಸಾಹದಿಂದ ಸ್ವೀಕರಿಸಿದರು ಎಂದು ಅದರಲ್ಲಿದೆ. ಮೇಲುಗಡೆ ಹಚ್ಚ ಹಸಿರಿನ ಚಿತ್ರ, ಕೆಳಗೆ 'ಶ್ರೀಮಂತ ಪಟ್ಟೆ, ತ್ರೆಸ್ ಆಲಾಮೊಸ್' ಎಂದು ಬರೆದಿದೆ. ಅದು ತೂಬಿನ ಹಿಂದಿನ ಮಂಚ. ಅಂಚಿನಲ್ಲಿ ಛತ್ರಿಯ ತುದಿ ಮತ್ತು ಒಂದು ಹೆಬ್ಬೆರಳು ಕಾಣುತ್ತವೆ. ಸತ್ಯವನ್ನು ಬರೆಯಬೇಕೆಂದು ಯೆಸೆನಿಯಾ ಮೇಲಿನವರ ಹತ್ತಿರ ಹೋಗಿ ಹೇಳಿದ್ದಳಂತೆ. ಇಲಿಯ ವಿಷಯ ಹಾಳೆಯಲ್ಲಿ ಹಿಡಿಸುವುದಿಲ್ಲ ಎಂದರಂತೆ.

ಮುಂದಿನ ಬಿತ್ತನೆಗೆ ಮುಂಚೆ ನಿಕಾನೋರ್ ಒಂದು ಠರಾವು ತಂದ. ಶ್ರೀಮಂತ ಪಟ್ಟೆ ಇರಲಿ, ಆದರೆ ಒಂದೇ ಕಡೆ ಬೇಡ, ವರ್ಷಕ್ಕೊಬ್ಬರ ಹಳೆಯ ಐದು ಹೆಕ್ಟೇರಿಗೆ ಸರದಿ ಬರಲಿ. ರಸ್ತೆಯಿಂದ ಕಾಣದಿದ್ದರೂ ಪರವಾಗಿಲ್ಲ, ಹೊಲದ ಎಲ್ಲ ಮೂಲೆಯೂ ಗೊತ್ತಾಗುತ್ತದೆ ಎಂದು ಯೆಸೆನಿಯಾ ಕುಣಿದಾಡಿದಳು. ಹನ್ನೊಂದು ಚೀಟಿಯ ಮೇಲೆ ಹೆಸರು ಬರೆದು ಅದೇ ಟೋಪಿಯಲ್ಲಿ ಹಾಕಿ ಎತ್ತಿದೆವು. ಅವತ್ತಿನಿಂದ ಆ ಹನ್ನೆರಡು ಸಾಲನ್ನು ಕಾಯುವವನು ನಿಕಾನೋರ್. ಅದಕ್ಕೆ ಸಲ್ಲಬೇಕಾದ ಯೂರಿಯಾದಲ್ಲಿ ಒಂದು ಹರಳು ಆಚೆ ಹೋಗಲು ಬಿಡುವುದಿಲ್ಲ, ಯಾರ ನಾಯಿಯನ್ನೂ ಹಾಯಲು ಬಿಡುವುದಿಲ್ಲ. ನಿನ್ನ ಸಾಹುಕಾರರು ಹೇಗಿದ್ದಾರೆ ಎಂದು ಹೆರಿಬೆರ್ತೊ ದಿನಾ ಕೆಣಕುತ್ತಾನೆ. ಉಂಡು ಮಲಗಿದ್ದಾರೆ, ಮಿಕ್ಕವರ ಹಸಿವು ಹೇಳುವುದಕ್ಕಾದರೂ ಉಪಯೋಗಕ್ಕೆ ಬಂದರಲ್ಲ ಎನ್ನುತ್ತಾನೆ ಅವನು. ಈ ವರ್ಷ ಸರದಿ ನಿಕಾನೋರನ ಸ್ವಂತ ಐದು ಹೆಕ್ಟೇರಿಗೆ ಬಂದಿದೆ. ಅವನು ನಾಚಿಕೊಂಡು ಆ ಕಡೆ ಮುಖ ಹಾಕುತ್ತಿಲ್ಲ, ಚಾಯೋ ಹೋಗಿ ಕಾಯುತ್ತಾಳೆ.

ಆದರೆ ಆರು ದಿನದ ಕೂಲಿ ಹಾಗೇ ಇದೆ. ಕೊಡಬೇಕೆಂದು ಹನ್ನೊಂದರಲ್ಲಿ ಹತ್ತು ಜನಕ್ಕೆ ಈಗ ಮನಸ್ಸಿದೆ. ಕೊಡಲು ದಾರಿಯಿಲ್ಲ. ಏಳನೆಯದರ ಪಕ್ಕದಲ್ಲೇ ಎಂಟನೆಯ ನಿಯಮವಿದೆ. ಒಂದು ಠರಾವಿಗೆ ಕೈ ಎತ್ತಿದವರು ಅದನ್ನು ಮತ್ತೆ ಸಭೆಗೆ ತರುವಂತಿಲ್ಲ. ಇವತ್ತು ಕೈ ಎತ್ತಿ, ಧಣಿಯ ಮನೆಯ ಬಿಯರ್ ಕುಡಿದು, ನಾಳೆ ಮನಸ್ಸು ಬದಲಿಸುವವರ ಕಾಟಕ್ಕೆ ನಾವೇ ಮಾಡಿಕೊಂಡದ್ದು. ಒಬ್ಬನಾದರೂ ಅವತ್ತು ಕೈ ಕೆಳಗಿಟ್ಟಿದ್ದರೆ ಅವನು ಇವತ್ತು ಎದ್ದು ನಿಲ್ಲಬಹುದಿತ್ತು. ಹತ್ತು ಜನರೂ ಹೇಡಿಗಳಾದೆವು, ಹನ್ನೊಂದನೆಯವನು ಸೌಟಿನವನಾದ.

ಉಳಿದಿರುವುದು ಹನ್ನೆರಡನೆಯ ನಿಯಮ. ಎಪ್ಪತ್ತಾರರಲ್ಲಿ ನಾವು ಕಚೇರಿಗಳಿಗೆ ಬರೆದ ಅರ್ಜಿಗಳನ್ನು ಯಾರೂ ಓದಲಿಲ್ಲ ಎಂಬ ಸಿಟ್ಟಿಗೆ ಬರೆದದ್ದು. ಸಂಘಕ್ಕೆ ಯಾರದೇ ಪತ್ರ ಬರಲಿ, ಯಾವ ದೇಶದಿಂದಲೇ ಬರಲಿ, ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಓದಿದ ಮೇಲೆ ಕೈ ಎತ್ತಿಸಬೇಕು.

ಇಷ್ಟು ಹೊತ್ತು ಓದಿದ ನೀವು ಯಾವ ಠರಾವಿಗೂ ಕೈ ಎತ್ತಿದವರಲ್ಲ. ನಿಮಗೆ ಆ ಹಕ್ಕಿದೆ, ನಮಗಿಲ್ಲ. ಪಾಪ ಎನ್ನಬೇಡಿ, ಎಂಥ ಮನುಷ್ಯ ಎಂದು ತಲೆಯಾಡಿಸಬೇಡಿ. ಅದನ್ನು ನಾವೇ ಆರು ವರ್ಷ ಮಾಡಿದ್ದೇವೆ, ಅದರಿಂದ ಅವನ ಒಲೆ ಉರಿಯಲಿಲ್ಲ. ಒಂದು ಕಾಗದ ತೆಗೆದುಕೊಳ್ಳಿ. ಗೋಧಿ ಸಂಘ, ತ್ರೆಸ್ ಆಲಾಮೊಸ್, ಯಾಕಿ ಕಣಿವೆ, ಸೊನೊರಾ, ಮೆಕ್ಸಿಕೊ ಎಂದು ವಿಳಾಸ ಬರೆಯಿರಿ. ನಿಮ್ಮ ಭಾಷೆಯಲ್ಲೇ ಬರೆಯಿರಿ, ಓದುವವನು ನಾನಿದ್ದೇನೆ. ನಿಕಾನೋರ್ ಬುಯ್ತಿಮೆಯಾನ ಆರು ದಿನದ ಕೂಲಿ ಕೊಡಿ ಎಂಬ ಒಂದೇ ಸಾಲು ಸಾಕು. ಕೆಳಗೆ ರುಜು ಹಾಕಿ ಇವತ್ತೇ ಕಳಿಸಿ.